ನೆನಪಿಗೆ ನೋಟ್‌ಬುಕ್, ಹುಡುಕಲು ಲಾಗಿನ್ ಇಲ್ಲದ ತಾಣ

ಕಲಿಕೆಗೆಂದು ಬರುವ ಬಹುತೇಕ ಆ್ಯಪ್‌ಗಳು ಮೊದಲು ಕೇಳುವುದೇ ಮೊಬೈಲ್ ಸಂಖ್ಯೆ. ಎಷ್ಟೋ ಮನೆಗಳಲ್ಲಿ ಮಗಳ ಕೈಗೆ ಸಿಗುವುದು ಅಕ್ಕನ ಹಳೆಯ ಫೋನು. ಒಟಿಪಿ ಹೋಗುವುದು ಗಾರೆ ಕೆಲಸಕ್ಕೆ ಹೋದ ಅಪ್ಪನ ಸಂಖ್ಯೆಗೆ. ಅಪ್ಪ ಮನೆಗೆ ಬರುವವರೆಗೂ ಪಾಠ ನಿಂತಿರುತ್ತದೆ. ಒಂದು ಪದದ ಅರ್ಥ ನೋಡಲು, ಬಡ್ಡಿ ಲೆಕ್ಕ ಹಾಕಲು, ನಕ್ಷೆ ನೋಡಲು ಯಾರು ನೀವು ಎಂದು ಕೇಳುವ ಅಗತ್ಯವೇ ಇಲ್ಲ.

ಕೇಳದೆಯೂ ಕೆಲಸ ಮಾಡಿಕೊಡುವ ತಾಣಗಳು ಕನ್ನಡದಲ್ಲೇ ಇವೆ. ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಹೆಸರಿನಲ್ಲಿ ಮುಕ್ತ ಪರವಾನಗಿಯಡಿ ಜಾಲಕ್ಕೆ ಬಂತು. ಪದ ಟೈಪಿಸಿದರೆ ಅರ್ಥ ಬರುತ್ತದೆ, ಅಷ್ಟೆ. ರಾಜ್ಯ ಸರ್ಕಾರದ ‘ಪದಕಣಜ’ವೂ ಹೀಗೆಯೇ.

ಇಂಥ ತಾಣಗಳು ನಿನ್ನೆ ನಾವು ಏನು ನೋಡಿದೆವೆಂದು ನೆನಪಿಡುವುದಿಲ್ಲ. ಆ ಕೆಲಸಕ್ಕೆ ನೋಟ್‌ಬುಕ್ ಇದೆ. ಹುಡುಕಿದ ಪದವನ್ನು, ಅದನ್ನು ಬಳಸಿದ ಸ್ವಂತ ವಾಕ್ಯವನ್ನು, ತಾಣದ ಹೆಸರು ಮತ್ತು ದಿನಾಂಕವನ್ನು ಬರೆದಿಟ್ಟರೆ ಅದು ಮಗುವಿನದೇ ಆಸ್ತಿ. ಕಂಪನಿ ಮುಚ್ಚಿದರೂ ಪಾಸ್‌ವರ್ಡ್ ಮರೆತರೂ ಎಲ್ಲಿಗೂ ಹೋಗದು.

ಕೈಬರಹದ ಬಗ್ಗೆ ಅತಿಯಾಗಿ ಹೇಳಿಕೊಳ್ಳುವುದು ಬೇಡ. ಲ್ಯಾಪ್‌ಟಾಪ್‌ನಲ್ಲಿ ಟಿಪ್ಪಣಿ ಮಾಡಿಕೊಂಡವರಿಗಿಂತ ಕೈಯಲ್ಲಿ ಬರೆದವರು ವಿಷಯವನ್ನು ಚೆನ್ನಾಗಿ ಗ್ರಹಿಸುತ್ತಾರೆ ಎಂದು ಸಂಶೋಧಕರಾದ ಮುಲ್ಲರ್ ಮತ್ತು ಓಪನ್‌ಹೈಮರ್ 2014ರಲ್ಲಿ ಬರೆದರು. ಅದೇ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿದಾಗ ಲಾಭ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಟೈಪ್ ಮಾಡುವವರು ಕೇಳಿದ್ದನ್ನು ಹೆಚ್ಚಾಗಿ ಯಥಾವತ್ತಾಗಿ ಇಳಿಸಿಕೊಳ್ಳುತ್ತಾರೆ ಎಂಬುದು ಮರುಪ್ರಯೋಗದಲ್ಲೂ ಉಳಿದುಕೊಂಡಿತು. ಕೈಯಲ್ಲಿ ಬರೆಯುವವರಿಗೆ ಅಷ್ಟು ವೇಗವಿಲ್ಲ. ಯಾವುದನ್ನು ಬಿಡಬೇಕೆಂದು ಯೋಚಿಸಲೇಬೇಕು. ನನ್ನ ಮಟ್ಟಿಗೆ ಈ ಯೋಚನೆಯೇ ಮುಖ್ಯ.

ತೆರೆದ ತಾಣ ಮತ್ತು ನೋಟ್‌ಬುಕ್ಕಿನ ಈ ಜೋಡಿ ಶಾಲೆಯ ಹೊರಗೂ ನಡೆಯುತ್ತದೆ. ‘ಕೃಷಿ ಮಾರಾಟ ವಾಹಿನಿ’ ತಾಣದಲ್ಲಿ ಲಾಗಿನ್ ಇಲ್ಲದೆಯೇ ಆ ದಿನದ ಮಾರುಕಟ್ಟೆ ಧಾರಣೆ ಸಿಗುತ್ತದೆ. ಶಿರಸಿಯ ಬೆಳೆಗಾರರೊಬ್ಬರು ರಾಶಿ, ಚಾಲಿ ಅಡಿಕೆಯ ದರವನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಂಡು, ಪಕ್ಕದಲ್ಲಿ ಮಳೆ, ಕೊಳೆರೋಗ, ತಾವು ಮಾರಿದ ಕ್ವಿಂಟಲ್ ನಮೂದಿಸಿದರೆ, ನಾಲ್ಕೈದು ವರ್ಷದಲ್ಲಿ ಅವರದೇ ತೋಟದ ಚರಿತ್ರೆ ಸಿದ್ಧವಾಗುತ್ತದೆ. ತಾಣದಲ್ಲಿ ದರ ಇದ್ದೀತು. ಆ ವಾರ ಏಕೆ ಮಾರಿದೆವು ಎಂಬುದು ಪುಸ್ತಕದಲ್ಲಿ ಮಾತ್ರ.

ನೋಟ್‌ಬುಕ್ಕಿನ ದೊಡ್ಡ ಕೊರತೆ ಹುಡುಕುವ ಕಷ್ಟ. ಅದಕ್ಕೆ ಹಳೆಯ ಪರಿಹಾರವಿದೆ: ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1686ರಷ್ಟು ಹಿಂದೆಯೇ ಟಿಪ್ಪಣಿ ಪುಸ್ತಕಕ್ಕೆ ಸೂಚಿ ಮಾಡುವ ವಿಧಾನ ಪ್ರಕಟಿಸಿದ್ದ. ಪುಟಗಳಿಗೆ ಸಂಖ್ಯೆ ಹಾಕಿ, ಮೊದಲ ಎರಡು ಪುಟ ಪರಿವಿಡಿಗೆ ಬಿಟ್ಟರೆ ನಮಗೆ ಸಾಕು. ನೆನೆದು ಹಾಳಾಗುವ ಭಯವಿದ್ದರೆ ತಿಂಗಳಿಗೊಮ್ಮೆ ಫೋಟೊ ತೆಗೆದಿಡಬಹುದು.

ಬ್ಯಾಂಕಿಗೆ, ಆರೋಗ್ಯ ದಾಖಲೆಗೆ ಲಾಗಿನ್ ಬೇಕೇ ಬೇಕು. ಅಲ್ಲಿ ಕಾಪಾಡಬೇಕಾದ ಖಾಸಗಿ ಮಾಹಿತಿ ಇದೆ. ನಿಘಂಟಿನಲ್ಲಿ, ಪಠ್ಯಪುಸ್ತಕದಲ್ಲಿ, ಧಾರಣೆ ಪಟ್ಟಿಯಲ್ಲಿ ಕಾಪಾಡುವುದೇನಿದೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ–2023, 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿತ ಒಪ್ಪಿಗೆ ಬೇಕೆನ್ನುತ್ತದೆ. ಮಾಹಿತಿಯನ್ನೇ ಸಂಗ್ರಹಿಸದಿದ್ದರೆ ಒಪ್ಪಿಗೆಯ ಪ್ರಶ್ನೆಯೂ ಬರುವುದಿಲ್ಲ.

ಹಾಗಾಗಿ, ಓದಲು ಮತ್ತು ಹುಡುಕಲು ಮಾತ್ರ ಇರುವ ಸರ್ಕಾರಿ ತಾಣಗಳಿಗೆ ಲಾಗಿನ್ ಕಡ್ಡಾಯ ಮಾಡಬಾರದು ಎಂಬ ನಿಯಮವನ್ನು ರಾಜ್ಯ ಸರ್ಕಾರ ತರಲಿ. ಶಿಕ್ಷಕರು ಹೊಸ ಆ್ಯಪ್ ಹಾಕಿಕೊಳ್ಳಿ ಎಂದು ಮಕ್ಕಳಿಗೆ ಹೇಳುವ ಮೊದಲು, ಅದೇ ಕೆಲಸ ಒಂದು ತೆರೆದ ತಾಣ ಮತ್ತು ಇನ್ನೂರು ಪುಟದ ನೋಟ್‌ಬುಕ್ಕಿನಿಂದ ಆಗುತ್ತದೆಯೇ ಎಂದು ನೋಡಲಿ.