ಅಕ್ಷರಗಳ ಹಿಂದಿನ ಮಾತು

ಮೊನ್ನೆ ನಮ್ಮ ಮನೆಗೆ ಬಂದಿದ್ದ ಹೈಸ್ಕೂಲು ವಿದ್ಯಾರ್ಥಿಯೊಬ್ಬ ಎದುರುಮನೆಯ ವಕೀಲರ ಹೆಸರುಹಲಗೆಯನ್ನು ನೋಡಿ, ‘ಬಿ.ಎ.ಗೆ ಒಂದು ಬಿ, ಒಂದು ಎ. ಎಲ್‌ಎಲ್.ಬಿ.ಗೆ ಮಾತ್ರ ಎರಡು ಎಲ್ ಏಕೆ?’ ಎಂದು ಕೇಳಿದ. ಅವನ ವಯಸ್ಸಿನಲ್ಲಿ ನಾನೂ ಇದೇ ಪ್ರಶ್ನೆಯನ್ನು ಉಪಾಧ್ಯಾಯರೊಬ್ಬರ ಮುಂದಿಟ್ಟು, ‘ಅದು ಹಾಗೆಯೇ’ ಎಂಬ ಉತ್ತರ ಪಡೆದು ಸುಮ್ಮನಾಗಿದ್ದೆ.

ಅದು ಹಾಗೆಯೇ ಅಲ್ಲ, ಅದಕ್ಕೆ ಕಾರಣವುಂಟು. ಆ ಪದವಿಯ ಲ್ಯಾಟಿನ್ ಹೆಸರು ‘ಲೇಗುಮ್ ಬಕಲಾರಿಯುಸ್’. ‘ಲೇಗುಮ್’ ಎಂದರೆ ‘ಶಾಸನಗಳ’, ಬಹುವಚನ. ಬಹುವಚನವನ್ನು ಮೊದಲಕ್ಷರದಿಂದ ಸೂಚಿಸಬೇಕಾದಾಗ ಆ ಅಕ್ಷರವನ್ನು ಎರಡು ಸಲ ಬರೆಯುವುದು ಲ್ಯಾಟಿನ್ ಬರಹಗಾರರ ಪದ್ಧತಿಯಾಗಿತ್ತು. ಇಂಗ್ಲಿಷ್ ಗ್ರಂಥಗಳಲ್ಲಿ ಒಂದು ಪುಟಕ್ಕೆ ಒಂದು ‘ಪಿ’, ಹಲವು ಪುಟಗಳಿಗೆ ಎರಡು ‘ಪಿ’ ಬರುವುದೂ ಇದೇ ಕಾರಣದಿಂದ. ‘ಐ.ಇ.’ ಎಂಬುದರ ಹಿಂದಿರುವುದು ‘ಇಡ್ ಎಸ್ಟ್’, ಅಂದರೆ ‘ಎಂದರೆ’, ‘ಇ.ಜಿ.’ ಎಂಬುದರ ಹಿಂದಿರುವುದು ‘ಎಕ್ಸೆಂಪ್ಲಿ ಗ್ರಾಷಿಯಾ’, ಅಂದರೆ ‘ಉದಾಹರಣೆಗೆ’. ಇವೆರಡನ್ನೂ ಅದಲುಬದಲು ಮಾಡುವ ವಿದ್ಯಾರ್ಥಿಗೆ ಅಕ್ಷರ ಗೊತ್ತು, ಅದರ ಹಿಂದಿನ ಮಾತು ಗೊತ್ತಿಲ್ಲ.

ಇಂಗ್ಲಿಷು ತನ್ನ ಮಾತುಗಳನ್ನು ಮೊಟಕುಮಾಡುವ ಬಗೆಗಳು ಹಲವು. ‘ಪ್ರೊಫೆಸರ್’ ಎಂಬಲ್ಲಿ ಬಾಲವನ್ನು ಕತ್ತರಿಸುತ್ತದೆ; ‘ಡಾಕ್ಟರ್’ ಎಂಬಲ್ಲಿ ಮೊದಲಕ್ಷರ, ಕೊನೆಯಕ್ಷರಗಳನ್ನು ಉಳಿಸಿಕೊಂಡು ನಡುವನ್ನು ತೆಗೆಯುತ್ತದೆ. ಬ್ರಿಟಿಷ್ ಮುದ್ರಕರಲ್ಲಿ ಅನೇಕರು ಮೊದಲನೆಯದಕ್ಕೆ ಚುಕ್ಕೆಯಿಟ್ಟು ಎರಡನೆಯದಕ್ಕೆ ಇಡದಿರುವುದು ಇದರಿಂದಲೇ. ಅಮೆರಿಕದವರು ಎರಡಕ್ಕೂ ಇಡುತ್ತಾರೆ. ಇನ್ನು ಮೊದಲಕ್ಷರಗಳನ್ನು ಪೋಣಿಸುವುದರಲ್ಲಿ ಎರಡು ವಿಧ. ಬಿ.ಬಿ.ಸಿ.ಯನ್ನು ಬಿಡಿಬಿಡಿಯಾಗಿ ಓದುತ್ತೇವೆ. 1945ರಲ್ಲಿ ಹುಟ್ಟಿದ ಯುನೆಸ್ಕೋ, 1949ರಲ್ಲಿ ಹುಟ್ಟಿದ ನೇಟೋ, ಇವನ್ನು ಒಂದೇ ಪದವಾಗಿ ಉಚ್ಚರಿಸುತ್ತೇವೆ. ಎರಡನೆಯ ವಿಧಕ್ಕೆ ‘ಆಕ್ರೊನಿಮ್’ ಎಂದು ಹೆಸರು. ‘ತುದಿ’, ‘ಹೆಸರು’ ಎಂಬ ಎರಡು ಗ್ರೀಕ್ ಮಾತುಗಳಿಂದಾದ ಈ ಪದ ಇಂಗ್ಲಿಷಿನಲ್ಲಿ ರೂಢಿಗೆ ಬಂದದ್ದು 1940ರ ದಶಕದಲ್ಲಿ. ‘ಎಂ.ಎ.’ಗೆ ಮುಂಚೆ ‘ಆನ್’ ಬರಬೇಕು, ‘ಬಿ.ಎ.’ಗೆ ಮುಂಚೆ ‘ಎ’ ಸಾಕು ಎಂಬ ನಿಯಮ ಕಣ್ಣಿನದಲ್ಲ, ಕಿವಿಯದು; ‘ಎಂ’ ಎಂಬ ಹೆಸರು ಸ್ವರದಿಂದ ಆರಂಭವಾಗುತ್ತದೆ.

ಬಳಕೆ ಹೆಚ್ಚಿದಂತೆ ಮೂಲ ಮರೆತುಹೋಗುತ್ತದೆ. 1940ರಲ್ಲಿ ಅಮೆರಿಕದ ನೌಕಾಪಡೆ ಬಳಕೆಗೆ ತಂದ ‘ರೇಡಾರ್’, 1957ರಲ್ಲಿ ಗಾರ್ಡನ್ ಗೂಲ್ಡ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ‘ಲೇಸರ್’, ಇವು ಪದಪುಂಜಗಳ ಮೊಟಕು ರೂಪಗಳೆಂದು ಇಂದು ಯಾರೂ ನೆನೆಯುವುದಿಲ್ಲ. ಅದರಿಂದ ಹಾನಿಯಿಲ್ಲ, ಅವು ನಿಜವಾದ ಪದಗಳೇ ಆಗಿಬಿಟ್ಟಿವೆ. ಆದರೆ ಮೂಲ ತಿಳಿಯದೆಡೆ ಕಟ್ಟುಕತೆ ಬಂದು ಕೂರುವುದೂ ಉಂಟು. ‘ಎಸ್.ಓ.ಎಸ್.’ ಎಂದರೆ ‘ನಮ್ಮ ಪ್ರಾಣ ಉಳಿಸಿ’ ಎಂದು ನಾವೆಲ್ಲ ಕಲಿತೆವು. 1906ರ ಬರ್ಲಿನ್ ಸಮ್ಮೇಳನ ಅದನ್ನು ಒಪ್ಪಿದ್ದು ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಗಳ ಆ ಸಂಜ್ಞೆ ಸುಲಭವಾಗಿ ಗುರುತಾಗುತ್ತದೆಂದು. ಅರ್ಥವನ್ನು ಜನ ಆಮೇಲೆ ಹೊಂದಿಸಿದರು.

ಕನ್ನಡದಲ್ಲಿ ಈ ಕೆಲಸ ಇನ್ನೂ ಸಲೀಸು. ಇಂಗ್ಲಿಷಿನ ‘ಎಂ’ ಎಂಬುದು ಅಕ್ಷರದ ಹೆಸರು. ನಮ್ಮ ‘ಮ’ ಎಂಬುದು ಅಕ್ಷರವೂ ಹೌದು, ಅದರ ಧ್ವನಿಯೂ ಹೌದು. ಆದುದರಿಂದ ನಮ್ಮ ಮೊದಲಕ್ಷರಗಳು ಕೂಡಿದೊಡನೆ ಪದವಾಗುತ್ತವೆ: ಕಸಾಪ, ಅನಕೃ, ತರಾಸು. ತಳುಕು ಎಂಬ ಊರು, ರಾಮಸ್ವಾಮಯ್ಯನೆಂಬ ತಂದೆ, ಸುಬ್ಬರಾವ್ ಎಂಬ ಮಗ, ಮೂವರೂ ಆ ಮೂರಕ್ಷರಗಳಲ್ಲಿ ಅಡಗಿದ್ದಾರೆ. ಓದುಗರು ಅದನ್ನು ಪ್ರೀತಿಯಿಂದ ಉಚ್ಚರಿಸುತ್ತಾರೆ, ಏಕೆಂದರೆ ಆ ಅಕ್ಷರಗಳ ಹಿಂದೆ ಯಾರಿದ್ದಾರೆಂದು ಬಲ್ಲರು.

ಸಂಕ್ಷೇಪವೆಂಬುದು ಬಲ್ಲವರಿಬ್ಬರ ನಡುವಣ ಮಾತು. ಅರಿಯದವರ ಮುಂದೆ ಅದನ್ನಾಡಿದರೆ ಅದು ಗೋಡೆಯಾಗುತ್ತದೆ. ಕೆಲವು ದಿನಗಳ ಹಿಂದೆ ನೆರೆಯ ವೃದ್ಧೆಯೊಬ್ಬರು ತಮ್ಮ ಪಿಂಚಣಿಯ ಬಗ್ಗೆ ಬಂದ ಕಾಗದವೊಂದನ್ನು ಹಿಡಿದು ಬಂದರು. ಲಿಪಿ ಕನ್ನಡ, ಆದರೆ ಸಾಲುಸಾಲಿಗೂ ‘ಡಿ.ಬಿ.ಟಿ.’, ‘ಕೆ.ವೈ.ಸಿ.’ ಎಂಬ ಅಕ್ಷರಗಳು. ಆಕೆ ಓದು ಬಲ್ಲವರು, ಎಲ್ಲವನ್ನೂ ಓದಿದ್ದರು. ಅರ್ಥವಾಗದೆ, ಪಿಂಚಣಿ ನಿಂತೇಹೋಯಿತೆಂದು ರಾತ್ರಿಯಿಡೀ ನಿದ್ದೆಗೆಟ್ಟಿದ್ದರು. ಹಣವು ನೇರವಾಗಿ ಖಾತೆಗೇ ಬರುತ್ತದೆ, ಗುರುತಿನ ಪತ್ರ ತೋರಿಸಿದರೆ ಸಾಕು ಎಂಬುದಷ್ಟೇ ಅದರ ತಾತ್ಪರ್ಯ. ಆ ಎರಡು ವಾಕ್ಯಗಳನ್ನು ಬರೆಯಲು ಎಷ್ಟು ಶಾಯಿ ಬೇಕಾಗಿತ್ತು?

ಒಳ್ಳೆಯ ಇಂಗ್ಲಿಷ್ ಬರಹಗಾರರು ಪಾಲಿಸುವ ನಿಯಮವೊಂದಿದೆ: ಅಪರಿಚಿತವಾದ ಸಂಕ್ಷೇಪವನ್ನು ಮೊದಲ ಸಲ ಬಳಸುವಾಗ ಪೂರ್ಣರೂಪವನ್ನೂ ಕೊಡಬೇಕು. ಅವರಿಂದ ಅಕ್ಷರಗಳನ್ನು ಇಷ್ಟು ಧಾರಾಳವಾಗಿ ಪಡೆದ ನಾವು ಈ ಸೌಜನ್ಯವನ್ನೂ ಪಡೆಯಬಾರದೆ? ಕಚೇರಿಗಳಲ್ಲಿ ಕಾಗದ ಬರೆಯುವವರಲ್ಲಿ ನನ್ನ ಬಿನ್ನಹ ಇದು. ಉಪಾಧ್ಯಾಯ ಮಿತ್ರರಲ್ಲಿ ಇನ್ನೊಂದು: ಎರಡು ಎಲ್ ಏಕೆ ಎಂದು ಹುಡುಗನೊಬ್ಬ ಕೇಳಿದಾಗ, ತಿಳಿದಿದ್ದರೆ ಹೇಳಿ, ತಿಳಿಯದಿದ್ದರೆ ಅವನೊಡನೆ ನಿಘಂಟನ್ನು ತೆರೆಯಿರಿ. ‘ಅದು ಹಾಗೆಯೇ’ ಎಂದು ಮಾತ್ರ ಹೇಳಬೇಡಿ.