ಬೆಳ್ಳಿಯ ಹರಿವಾಣ

ಆಟದಲ್ಲಿ ಸೋಲು ಗೆಲುವು ಸಹಜವೆನ್ನುವುದು ಗೆದ್ದವರಿಗೆ ಸುಲಭ. ಸೋತವರ ಗಂಟಲಿನಿಂದ ಆ ಮಾತು ಬೇಗ ಹೊರಡದು.

1993ರ ವಿಂಬಲ್ಡನ್ ಮಹಿಳೆಯರ ಸಿಂಗಲ್ಸ್ ಅಂತಿಮ ಪಂದ್ಯದಲ್ಲಿ ಜರ್ಮನಿಯ ಸ್ಟೆಫಿ ಗ್ರಾಫ್ ಅವರಿಗೆ ಎದುರಾದವರು ಚೆಕ್ ದೇಶದ ಯಾನಾ ನೊವೋಟ್ನಾ. ಒಂದೊಂದು ಸೆಟ್ ಇಬ್ಬರ ಪಾಲಾಗಿ, ಮೂರನೆಯದರಲ್ಲಿ ನೊವೋಟ್ನಾ 4–1ರಿಂದ ಮುಂದಿದ್ದರು. ಐದನೆಯ ಗೇಮಿಗೆ ಇನ್ನೊಂದೇ ಅಂಕ ಸಾಕಿತ್ತು. ಆಗ ಅವರ ಎರಡು ಸರ್ವ್‌ಗಳೂ ತಪ್ಪಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗ್ರಾಫ್ ಸತತವಾಗಿ ಐದು ಗೇಮ್ ಗೆದ್ದು ಪ್ರಶಸ್ತಿ ಪಡೆದರು. ಬಹುಮಾನ ವಿತರಿಸಲು ಬಂದಿದ್ದ ರಾಜಮನೆತನದ ಕೆಂಟ್ ಡಚೆಸ್‌ರವರ ಹೆಗಲಿಗೊರಗಿ ನೊವೋಟ್ನಾ ಎಲ್ಲರೆದುರಿಗೆ ಅತ್ತುಬಿಟ್ಟರು.

ಆದರೂ ಅವರು ಆಟವನ್ನು ತೊರೆಯಲಿಲ್ಲ. 1997ರಲ್ಲಿ ಮತ್ತೆ ಅಂತಿಮ ಪಂದ್ಯ ಮುಟ್ಟಿ ಮಾರ್ಟಿನಾ ಹಿಂಗಿಸ್ ಅವರಿಗೆ ಸೋತರು. ಮರುವರ್ಷ, 29ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ನಥಾಲಿ ತೋಜಿಯಾ ಅವರನ್ನು 6–4, 7–6ರಿಂದ ಸೋಲಿಸಿ, ವಿಜೇತೆಗೆ ಸಲ್ಲುವ ಬೆಳ್ಳಿಯ ಹರಿವಾಣವನ್ನು ಅದೇ ಡಚೆಸ್‌ರವರ ಕೈಯಿಂದಲೇ ಪಡೆದರು. 2017ರಲ್ಲಿ, 49ನೆಯ ವಯಸ್ಸಿನಲ್ಲಿ, ನೊವೋಟ್ನಾ ತೀರಿಕೊಂಡರು.

ಪರೀಕ್ಷೆಯಲ್ಲಿ ಸೋತು ಬಂದ ಮಗುವನ್ನು ಗದರಿಸುವ ಮುನ್ನ ತಂದೆತಾಯಿಗಳು ಆ ಎರಡು ದಿನಗಳ ನಡುವಣ ಐದು ವರ್ಷಗಳನ್ನು ನೆನೆಯಬಹುದು. ಅಳುವಾಗ ಒರಗಲು ಒಂದು ಹೆಗಲು ಬೇಕು. ಮರುದಿನದ ಅಭ್ಯಾಸವನ್ನು ಮಗುವೇ ಮಾಡಿಕೊಂಡೀತು.