ಇಂಗ್ಲಿಷ್ ಕಲಿಕೆಗೆ ವೃತ್ತಪತ್ರಿಕೆಯ ನೆರವು

ನಮ್ಮ ಮಲೆನಾಡಿನ ಗ್ರಾಮಾಂತರ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಉತ್ತಮ ಅಂಕ ಗಳಿಸಿದ ಮಕ್ಕಳು ಕಾಲೇಜಿನ ಮೆಟ್ಟಿಲೇರಿದೊಡನೆ ಮೌನಿಗಳಾಗುವುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ಗಣಿತದಲ್ಲಾಗಲಿ ವಿಜ್ಞಾನದಲ್ಲಾಗಲಿ ಅವರು ಯಾರಿಗೂ ಕಡಿಮೆಯವರಲ್ಲ; ಅವರ ಬಾಯಿ ಕಟ್ಟುವುದು ಇಂಗ್ಲಿಷ್. ವರ್ಷಗಟ್ಟಲೆ ಆ ಭಾಷೆಯನ್ನು ಓದಿ ಉತ್ತೀರ್ಣರಾದವರು ಒಂದು ಅರ್ಜಿಯನ್ನು ಸ್ವಂತವಾಗಿ ಬರೆಯಲಾರದಿರುವುದೇಕೆ? ಗೈಡುಗಳ ಉತ್ತರಗಳನ್ನು ಕಂಠಪಾಠ ಮಾಡಿದವರಿಗೆ ಆ ಭಾಷೆಯಲ್ಲಿ ತಮ್ಮದೆಂದು ಹೇಳಬೇಕಾದ ಮಾತೊಂದು ಇರಲೇ ಇಲ್ಲ. ಹೇಳುವ ಮಾತಿಲ್ಲದವರಿಗೆ ವ್ಯಾಕರಣವೊಂದೇ ಭಾಷೆಯನ್ನು ಕಲಿಸಲಾರದು.

ಈ ಕೊರತೆಯನ್ನು ತುಂಬಲು ಇಂಗ್ಲಿಷ್ ದಿನಪತ್ರಿಕೆಯ ರಾಜಕೀಯ ವಾರ್ತೆ ಹಾಗೂ ಸಂಪಾದಕೀಯ ಪುಟಗಳಷ್ಟು ಸುಲಭವಾದ ಸಾಧನ ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಕಥೆ, ಕವಿತೆಗಳು ಬೇಡವೆಂದಲ್ಲ. ಆದರೆ ಡ್ಯಾಫೊಡಿಲ್ ಹೂವನ್ನು ಕಾಣದ ಮಗುವಿಗೂ ಗೇಣಿ, ಮುಳುಗಡೆ, ಚುನಾವಣೆ ಎಂದರೇನೆಂದು ಗೊತ್ತು. ವಿಷಯ ತಿಳಿದಿರುವಲ್ಲಿ ಪದವು ತಾನಾಗಿಯೇ ಅರ್ಥ ಬಿಟ್ಟುಕೊಡುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಈ ವಿಷಯದಲ್ಲಿ ವಿಶೇಷ ಅನುಕೂಲವಿದೆ. ಗೇಣಿ ಅಳೆಯುವ ಕೊಳಗದ ವಿವಾದದಿಂದ ಹೊತ್ತಿಕೊಂಡ ಕಾಗೋಡು ಸತ್ಯಾಗ್ರಹವು ೧೯೫೧ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರನ್ನು ಇಲ್ಲಿಗೆ ಕರೆತಂದಿತು. ಅವರು ಇಲ್ಲಿ ಬಂಧನಕ್ಕೂ ಒಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದರು. ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ೧೯೫೬ರಲ್ಲಿ ಕೆಲಕಾಲ ಮುಖ್ಯಮಂತ್ರಿಗಳಾಗಿದ್ದರು. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಭೂಹಕ್ಕಿನ ಪ್ರಶ್ನೆಯು ಇಂದಿಗೂ ಪತ್ರಿಕೆಗಳಲ್ಲಿ ಚರ್ಚೆಯಾಗುತ್ತಲೇ ಇದೆ. ತನ್ನ ಅಜ್ಜನ ಬಾಯಲ್ಲಿ ಈ ಕಥೆಗಳನ್ನು ಕೇಳಿದ ಹುಡುಗಿಗೆ ‘ಟೆನೆಂಟ್’, ‘ಎವಿಕ್ಷನ್’, ‘ರಿಹ್ಯಾಬಿಲಿಟೇಷನ್’ ಎಂಬವು ಶಬ್ದಕೋಶದ ಕಗ್ಗಂಟುಗಳಲ್ಲ, ಮನೆಯ ಮಾತುಗಳೇ.

ಅಭ್ಯಾಸದ ಕ್ರಮ ಸರಳವಾಗಿರಲಿ. ಮೊದಲು ಕನ್ನಡ ಪತ್ರಿಕೆಯಲ್ಲಿ ವಾರ್ತೆಯನ್ನು ಓದಿ, ಅನಂತರ ಅದೇ ವಾರ್ತೆಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಬೇಕು. ೧೯೪೮ರಲ್ಲಿ ಒಂದೇ ಸಂಸ್ಥೆಯಿಂದ ಹೊರಟ ‘ಪ್ರಜಾವಾಣಿ’ ಮತ್ತು ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಗಳು ಇದಕ್ಕೆ ಒಳ್ಳೆಯ ಜೋಡಿ. ತಲೆಬರಹದ ವ್ಯಾಕರಣವನ್ನು ಅಧ್ಯಾಪಕರು ಮೊದಲೇ ತಿಳಿಸಿಕೊಡಬೇಕು. ನಿನ್ನೆ ನಡೆದುದನ್ನು ಅಲ್ಲಿ ವರ್ತಮಾನ ಕಾಲದಲ್ಲಿ ಬರೆಯುತ್ತಾರೆ. ‘ಮಿನಿಸ್ಟರ್ ಟು ವಿಸಿಟ್ ಸಾಗರ್’ ಎಂದರೆ ಸಚಿವರು ಇನ್ನು ಬರಲಿದ್ದಾರೆಂದರ್ಥ. ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮವಾದುದು. ‘ಸೆಡ್’ ಎಂದರೆ ಹೇಳಿದರು, ಅಷ್ಟೆ. ‘ಕ್ಲೇಮ್ಡ್’ ಎಂದಾಗ ಬರೆದವನು ಆ ಮಾತಿಗೆ ತಾನು ಹೊಣೆಯಲ್ಲವೆನ್ನುತ್ತಾನೆ. ‘ಅಡ್ಮಿಟೆಡ್’ ಎಂದಾಗಲೋ ಬಚ್ಚಿಟ್ಟ ತಪ್ಪೊಂದನ್ನು ಒಪ್ಪಿಕೊಂಡರೆಂಬ ಧ್ವನಿ ಬರುತ್ತದೆ. ಮೂರು ಕ್ರಿಯಾಪದಗಳ ಈ ಅಂತರವನ್ನು ಅರಿತ ವಿದ್ಯಾರ್ಥಿಯು ಭಾಷೆಯೊಡನೆ ವಿವೇಕವನ್ನೂ ಕಲಿತಂತೆ. ಕೊನೆಗೆ, ಒಂದೇ ವಿಷಯದ ಮೇಲೆ ಪರಸ್ಪರ ಒಪ್ಪದ ಎರಡು ಲೇಖನಗಳನ್ನು ಓದಿಸಿ, ತಾನು ಯಾರೊಡನೆ ಸಹಮತನೆಂಬುದನ್ನು ಕಾರಣಸಹಿತವಾಗಿ ಹತ್ತು ವಾಕ್ಯಗಳಲ್ಲಿ ಬರೆಯಿಸಬೇಕು. ವಾಕ್ಯಗಳು ಮುರುಕಾಗಿದ್ದರೂ ಚಿಂತೆಯಿಲ್ಲ, ಅವು ಸ್ವಂತದ್ದಾಗಿರಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಶಾಲೆಯೊಳಗೆ ರಾಜಕೀಯ ನುಸುಳುವುದೆಂಬ ಭಯ. ಈ ಭಯ ನಿರಾಧಾರವಲ್ಲ. ಪಕ್ಷದ ಹೆಸರಿನಲ್ಲಿ ಊರುಗಳು ಒಡೆದಿರುವುದನ್ನು ಕಂಡಿದ್ದೇವೆ. ಆದರೆ ರಾಜಕೀಯವು ಮಕ್ಕಳನ್ನು ತಲುಪದಿರುವುದು ಎಲ್ಲಿ? ಮೊಬೈಲಿನಲ್ಲಿ ಅದು ಹಗಲಿರುಳೂ ಹೆಸರಿಲ್ಲದ, ಹೊಣೆಯಿಲ್ಲದ ಸಂದೇಶವಾಗಿ ಬರುತ್ತಿದೆ. ವಾರ್ತೆ ಯಾವುದು, ಅಭಿಪ್ರಾಯ ಯಾವುದು ಎಂಬುದನ್ನು ಗುರುಗಳ ಎದುರಿನಲ್ಲಿ ಬೇರ್ಪಡಿಸಿ ನೋಡಿದ ಮಗು ವದಂತಿಗೆ ಬೇಗನೆ ಬಲಿಯಾಗದು. ಅಧ್ಯಾಪಕರು ತಮ್ಮ ಒಲವನ್ನು ಹೊರಗಿಟ್ಟು ಎರಡೂ ಪಕ್ಷಗಳನ್ನು ಓದಿಸುವ ಸಂಯಮ ತೋರಬೇಕೆಂಬುದು ಮಾತ್ರ ಕಡ್ಡಾಯ.

ಎರಡನೆಯದು, ಕನ್ನಡಕ್ಕೆ ಕುಂದು ಬರುವುದೆಂಬ ಆತಂಕ. ಇಂಗ್ಲಿಷಿನ ಯಜಮಾನಿಕೆಯನ್ನು ಬಲವಾಗಿ ವಿರೋಧಿಸಿದ ಲೋಹಿಯಾ ಅವರೇ ‘ಮ್ಯಾನ್‌ಕೈಂಡ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ನಡೆಸಿದರು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಇಂಗ್ಲಿಷ್ ಅಧ್ಯಾಪಕರಾಗಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ೧೯೬೬ರಲ್ಲಿ ಡಾಕ್ಟರೇಟ್ ಪಡೆದೂ ಕಥೆ ಕಾದಂಬರಿಗಳನ್ನು ಬರೆದುದು ಕನ್ನಡದಲ್ಲಿ. ಭಾಷೆಯೊಂದಕ್ಕೆ ಆಳಾಗುವುದು ಬೇರೆ, ಅದನ್ನು ಆಳುವುದು ಬೇರೆ. ಇಂಗ್ಲಿಷಿಗೆ ಅಂಜುವವನೇ ಅದರ ಆಳಾಗುತ್ತಾನೆ. ಅದನ್ನು ಬಲ್ಲವನು ಕನ್ನಡಕ್ಕೆ ಧೈರ್ಯದಿಂದ ಮರಳುತ್ತಾನೆ.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳು ಬಡವರ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡುತ್ತ ಬಂದಿವೆ. ಆ ಅಕ್ಷರ ದಾಸೋಹಕ್ಕೆ ಈ ಒಂದು ತುತ್ತು ಸೇರಲಿ. ಕೊಠಡಿ ಕಟ್ಟಿಸಿ ಹೆಸರಿನ ಕಲ್ಲು ನೆಡಿಸುವ ದಾನಿಗಳಿಗೆ ನಮ್ಮ ಕೃತಜ್ಞತೆ ಸದಾ ಇದೆ. ಆದರೆ ಪ್ರತಿ ತರಗತಿಗೂ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯನ್ನು ವರ್ಷವಿಡೀ ತರಿಸಿಕೊಡುವ ದಾನವು ಅದಕ್ಕಿಂತ ಅಲ್ಪ ವೆಚ್ಚದ್ದು, ಫಲದಲ್ಲಿ ಅಲ್ಪವಲ್ಲ. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಬರುವ ಜೂನ್ ತಿಂಗಳಿನಿಂದಲೇ ಇದನ್ನು ಆರಂಭಿಸಬಹುದು. ದಿನಕ್ಕೆ ಅರ್ಧ ಗಂಟೆ, ಕೈಯಲ್ಲೊಂದು ಪೆನ್ಸಿಲ್, ಎದುರಿಗೊಬ್ಬ ತಾಳ್ಮೆಯ ಗುರು: ಇಷ್ಟಿದ್ದರೆ ನಮ್ಮ ಮಕ್ಕಳು ಯಾವ ಸಭೆಯಲ್ಲಿಯೂ ತಲೆ ತಗ್ಗಿಸಿ ಕೂರಬೇಕಾಗಿಲ್ಲ.